ಬೇಂದ್ರೆ: ಹಾಡು ಮತ್ತು ಹೊಟ್ಟೆಪಾಡು



ಈ ಸಲದ ಸಂಚಿಕೆಗೆ ಒಬ್ಬ ಕವಿಯ ಜೀವನಚರಿತ್ರೆ ಬರೆದು ಕೊಡು ಅಂತ ನಮ್ಮ ಬಳಗದ ಸಂಪಾದಕರು ಹೇಳಿದಾಗ ನಾನು ಹಿಂದೆ ಸರಿದೆ. ನಾನು ಓದುವುದು ಬಿ.ಕಾಂ. ಜಮಾ-ಖರ್ಚು ಎರಡೂ ಕಡೆ ಹೊಂದಿಸುವುದರಲ್ಲೇ ನನ್ನ ರಾತ್ರಿಗಳು ಕಳೆಯುತ್ತವೆ. ಕನ್ನಡ ಸಾಹಿತ್ಯ ಅಂತ ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ಅಕ್ಕಲಕೋಟೆ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ. ಆಮೇಲೆ ಅಪ್ಪನ ಕೆಲಸದ ಸಲುವಾಗಿ ನಾವು ನಾಸಿಕ್ ರೋಡಿಗೆ ಬಂದೆವು. ಇಲ್ಲಿ ಓದು ಇಂಗ್ಲಿಷಿನಲ್ಲಿ, ಬೀದಿಯ ಮಾತು ಮರಾಠಿಯಲ್ಲಿ. ಕನ್ನಡ ಉಳಿದದ್ದು ಮನೆಯಲ್ಲಿ ಅವ್ವನ ಹತ್ತಿರ, ಮತ್ತೆ ತಿಂಗಳಿಗೊಮ್ಮೆ ಸೇರುವ ಈ ಬಳಗದಲ್ಲಿ.

ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ಮೊನ್ನೆ ಕಾಲೇಜಿನಲ್ಲಿ ನಡೆದ ಒಂದು ಇಂಗ್ಲಿಷ್ ಕವಿತೆಯ ಪಂದ್ಯ. ಅದಕ್ಕೆ ‘ಪೊಯೆಟ್ರಿ ಸ್ಲ್ಯಾಮ್’ ಅನ್ನುತ್ತಾರೆ. ಅಮೆರಿಕದ ಶಿಕಾಗೋ ಊರಿನಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಅನ್ನುವ ಕವಿ 1980ರ ದಶಕದ ನಡುವೆ ಇದನ್ನು ಶುರು ಮಾಡಿದರು. 1986ರಿಂದ ಅಲ್ಲಿಯ ಗ್ರೀನ್ ಮಿಲ್ ಎಂಬ ಜಾಗದಲ್ಲಿ ಇದು ವಾರವಾರ ನಡೆಯತೊಡಗಿತು. ಕವಿ ಕಾಗದ ನೋಡಿ ಓದುವುದಿಲ್ಲ. ಎದ್ದು ನಿಂತು ಕೈ, ಕಣ್ಣು, ಕೊರಳು ಎಲ್ಲ ಕೂಡಿಸಿ ಕವಿತೆ ಆಡುತ್ತಾನೆ. ಹೆಚ್ಚೆಂದರೆ ಮೂರು ನಿಮಿಷ. ಕೇಳಲು ಬಂದ ಜನರ ನಡುವಿನಿಂದಲೇ ಆರಿಸಿದ ಐದು ಮಂದಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ನಮ್ಮ ಗೆಳೆಯರೆಲ್ಲ ಇದು ಬಹಳ ಹೊಸದು ಅಂತ ಬೆರಗಾದರು. ನನಗೆ ಮಾತ್ರ ಊರ ಜಾತ್ರೆಯ ನೆನಪಾಯಿತು. ನಮ್ಮ ಕಡೆ ಲಾವಣಿಯ ಎರಡು ಮೇಳಗಳು ಎದುರೆದುರು ಕೂತು ಇಡೀ ರಾತ್ರಿ ಹಾಡ್ತಾವೆ. ಮರಾಠಿಯವರು ಅದನ್ನು ಕಲಗಿ-ತುರಾ ಅಂತಾರೆ, ಕನ್ನಡದಲ್ಲಿ ಹರದೇಶಿ-ನಾಗೇಶಿ. ಒಬ್ಬರು ಗಂಡು ಹೆಚ್ಚು ಅಂತ ಹಾಡಿದರೆ ಇನ್ನೊಬ್ಬರು ಹೆಣ್ಣು ಹೆಚ್ಚು ಅಂತ ಸವಾಲು ಹಾಕುತ್ತಾರೆ. ಕೈಯಲ್ಲಿ ದಪ್ಪು, ತುಂತುಣಿ. ನಮ್ಮ ಕಾಕಾ ಇಂಥ ಒಂದು ಮೇಳದಲ್ಲಿ ದಪ್ಪು ಬಾರಿಸುತ್ತಿದ್ದರು. ಅಂಕ ಬರೆಯುವವರು ಯಾರೂ ಇರುತ್ತಿರಲಿಲ್ಲ. ಬೆಳಗಾಗುವವರೆಗೆ ಯಾರ ಮುಂದೆ ಜನ ಕೂತಿರುತ್ತಾರೋ ಅವರು ಗೆದ್ದ ಹಾಗೆ.

ಈ ನೆಲದ ಲಾವಣಿ, ಹಂತಿಯ ಹಾಡು, ಹೆಣ್ಣುಮಕ್ಕಳ ಬೀಸುವ ಪದ ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡು, ವೇದಿಕೆಯ ಮೇಲೆ ನಿಂತು ಕವಿತೆ ಆಡಿ ತೋರಿಸಿ ಸಾವಿರಾರು ಜನರನ್ನು ಹಿಡಿದು ಕೂರಿಸಿದ ಕವಿ ಒಬ್ಬರಿದ್ದರು. ಅವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಪಠ್ಯಪುಸ್ತಕದಲ್ಲಿ ಅವರ ಹೆಸರಿನ ಮುಂದೆ ವರಕವಿ, ಜ್ಞಾನಪೀಠ ಅಂತೆಲ್ಲ ಓದಿ ಬಾಯಿಪಾಠ ಮಾಡಿದ್ದೇವೆ. ಅವರು ಹೊಟ್ಟೆಗೆ ಏನು ಮಾಡಿಕೊಂಡಿದ್ದರು ಅನ್ನುವುದು ಪರೀಕ್ಷೆಯಲ್ಲಿ ಬರುವುದಿಲ್ಲ. ನಾನು ಕಾಮರ್ಸ್ ಹುಡುಗ, ನನಗೆ ಆ ಕಡೆಯೇ ಕುತೂಹಲ.

ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆಮಾತು ಮರಾಠಿ. ಈ ಮಾತನ್ನು ನಾವು ನಾಸಿಕದಲ್ಲಿರುವವರು ಎರಡು ಸಲ ಓದಬೇಕು. ಚಿತ್ಪಾವನ ಬ್ರಾಹ್ಮಣರ ಮನೆ. ತಂದೆ ರಾಮಚಂದ್ರ ಭಟ್ಟರು ಸಂಸ್ಕೃತ ಬಲ್ಲವರು. ಮಗ ಇನ್ನೂ ಹುಡುಗನಿದ್ದಾಗಲೇ ತೀರಿಕೊಂಡರು. ಮುಂದೆ ಸಂಸಾರ ನಡೆದದ್ದು ಮನೆಯ ಹೆಂಗಸರ ಕೈಮೇಲೆ. ಖಾನಾವಳಿಯ ಅಡಿಗೆ ಮಾಡಿ ಮನೆ ತೂಗಿಸಿದರು. ಬೇರೆಯವರಿಗೆ ಬಡಿಸಿದ ಅನ್ನದಿಂದ ತಾವು ಉಂಡು ಬೆಳೆದ ಹುಡುಗ ಮುಂದೆ ಅನ್ನದ ಮೇಲೆ, ಹಸಿವಿನ ಮೇಲೆ, ಹೊಟ್ಟೆ ಎಂಬ ಚೀಲದ ಮೇಲೆ ಅಷ್ಟೊಂದು ಪದ್ಯ ಬರೆದದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ. ತಾಯಿಯ ಹೆಸರು ಅಂಬಿಕೆ, ಮನೆಯಲ್ಲಿ ಅಂಬವ್ವ. ಆ ಹೆಸರನ್ನೇ ತಮ್ಮ ಕಾವ್ಯನಾಮಕ್ಕೆ ಸೇರಿಸಿ ಅಂಬಿಕಾತನಯದತ್ತ ಆದರು. ಪದ್ಯ ಬರೆಯುವವನು ಅಂಬಿಕಾತನಯದತ್ತ, ತಾನು ಬೇಂದ್ರೆ ಬರೇ ಅವನ ಲೇಖಕ ಅಂತ ಹೇಳಿಕೊಳ್ಳುತ್ತಿದ್ದರಂತೆ.

ಮನೆಯಲ್ಲಿ ಮರಾಠಿ, ಬಾಗಿಲು ದಾಟಿದರೆ ಧಾರವಾಡದ ಕನ್ನಡ. ಬೇಂದ್ರೆಯವರ ಕನ್ನಡ ಪುಸ್ತಕದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಓಣಿಯಿಂದ ಬಂದದ್ದು. ಅದಕ್ಕೇ ಇರಬೇಕು, ಅವರ ಪದ್ಯ ಕಣ್ಣಿನಿಂದ ಓದಿದಾಗ ಗಂಟುಗಂಟಾಗಿ ಕಾಣುತ್ತದೆ, ಬಾಯಿಬಿಟ್ಟು ಅಂದಾಗ ಗಂಟು ತಾನಾಗಿ ಬಿಚ್ಚುತ್ತದೆ. ನಾನು ಶಾಲೆಯಲ್ಲಿ ಇದನ್ನು ತಿಳಿಯಲಿಲ್ಲ. ಅಲ್ಲಿ ನಾವು ಪದ್ಯದ ಸಾರಾಂಶ ಬರೆದು ಅಂಕ ತೆಗೆದುಕೊಂಡೆವು, ಒಂದು ದಿನವೂ ಗಟ್ಟಿಯಾಗಿ ಹಾಡಲಿಲ್ಲ.

1913ರಲ್ಲಿ ಮೆಟ್ರಿಕ್ ಮುಗಿಸಿ, ಕಾಕಾನ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದರು. ಪುಣೆ ಅಂದರೆ ಮರಾಠಿಯ ತವರು. ಮನೆಮಾತು ಮರಾಠಿಯಾಗಿರುವ ಹುಡುಗ ಅಲ್ಲಿಗೆ ಹೋದರೆ ಮರಾಠಿ ಕವಿಯಾಗಿ ತಿರುಗಿ ಬರಬೇಕು. ಆದದ್ದು ಬೇರೆ. ಅಲ್ಲಿದ್ದ ಕನ್ನಡ ಹುಡುಗರನ್ನು ಕೂಡಿಸಿಕೊಂಡು ಶಾರದಾ ಮಂಡಲ ಅಂತ ಒಂದು ಕೂಟ ಕಟ್ಟಿದರು. ಪರಊರಿನಲ್ಲಿ ಓದುವ ಹುಡುಗರು, ಸಂಜೆ ಸೇರಿ ಕನ್ನಡದಲ್ಲಿ ಬರೆದದ್ದು ಒಬ್ಬರಿಗೊಬ್ಬರು ಓದಿ ತೋರಿಸುವುದು. ನಮ್ಮ ಬಳಗದ ಹಾಗೆಯೇ ಅಂತ ಹೇಳಿದರೆ ದೊಡ್ಡ ಮಾತಾದೀತು, ಆದರೂ ಹೇಳಿಬಿಟ್ಟೆ. 1918ರಲ್ಲಿ ಬಿ.ಎ. ಆಯಿತು. ಅದೇ ವರ್ಷ ‘ಪ್ರಭಾತ’ ಎಂಬ ಮಾಸಪತ್ರಿಕೆಯಲ್ಲಿ ಅವರ ಮೊದಲ ಕವನ ‘ತುತ್ತೂರಿ’ ಅಚ್ಚಾಯಿತು. ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದರು. 1919ರಲ್ಲಿ ರಾಣೆಬೆನ್ನೂರಿನಲ್ಲಿ ಲಕ್ಷ್ಮೀಬಾಯಿಯವರ ಜೊತೆ ಮದುವೆ.

ಅಲ್ಲಿಂದ ಮುಂದಿನ ಹತ್ತು ವರ್ಷ ಧಾರವಾಡದಲ್ಲಿ ಹಬ್ಬದ ಕಾಲ. 1922ರಲ್ಲಿ ‘ಕೃಷ್ಣಾಕುಮಾರಿ’ ಎಂಬ ಪುಸ್ತಕ ಬಂತು. ಅದೇ ವರ್ಷ ಗೆಳೆಯರ ಗುಂಪು ಕಟ್ಟಿಕೊಂಡರು. ಶಂ. ಬಾ. ಜೋಶಿ, ಆನಂದಕಂದ, ಜಿ. ಬಿ. ಜೋಶಿ, ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕ ಮುಂತಾದವರು ಬೇರೆ ಬೇರೆ ವರ್ಷಗಳಲ್ಲಿ ಇದರೊಳಗೆ ಬಂದರು. ಗೋಕಾಕರು ಹುಡುಗರಾಗಿ ಬಂದು ಬೇಂದ್ರೆಯವರ ಶಿಷ್ಯರಾದವರು. ಮುಂದೆ ಅವರಿಗೂ ಜ್ಞಾನಪೀಠ ಬಂತು. 1926ರಲ್ಲಿ ಬೇಂದ್ರೆ ನವರಾತ್ರಿಯ ದಿನಗಳಲ್ಲಿ ನಾಡಹಬ್ಬ ಶುರು ಮಾಡಿಸಿದರು. ಕನ್ನಡದ ನಾಡು ಆಗ ಹರಿದು ಹಂಚಿಹೋಗಿತ್ತು. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಮೈಸೂರು ಅರಸರ ಕೈಯಲ್ಲಿ, ಕಲಬುರ್ಗಿ ನಿಜಾಮರ ಕೆಳಗೆ. ಭಾಷಣ, ಹಾಡು, ಕವಿತೆ ಇವುಗಳಿಂದಲೇ ಅದನ್ನು ಹೊಲಿಯಬೇಕಿತ್ತು.

ಇನ್ನು 1929. ಈ ವರ್ಷದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ, ಅಧ್ಯಕ್ಷರು ಮಾಸ್ತಿ ವೆಂಕಟೇಶ ಅಯ್ಯಂಗಾರರು. ಆ ಸಮ್ಮೇಳನದಲ್ಲಿ ಬೇಂದ್ರೆ ‘ಹಕ್ಕಿ ಹಾರುತಿದೆ’ ಕವಿತೆ ಓದಿದರು. ಕಾಲವೇ ಒಂದು ಹಕ್ಕಿಯಾಗಿ ಹಾರುವುದು, ಅದರ ರೆಕ್ಕೆಯ ಕೆಳಗೆ ರಾಜ್ಯಗಳು ಸಾಮ್ರಾಜ್ಯಗಳು ಬಂದು ಹೋಗುವುದು ಆ ಕವಿತೆಯ ವಸ್ತು. ಓದಿದರು ಅನ್ನುವುದೂ ಸರಿಯಲ್ಲ, ಅವರು ಆಡಿ ತೋರಿಸುತ್ತಿದ್ದರು. ಕೈ ಬೀಸುವುದು, ದನಿ ಏರಿಸುವುದು, ಒಂದೇ ಶಬ್ದವನ್ನು ಎರಡು ಬಗೆಯಲ್ಲಿ ಅಂದು ಎರಡು ಅರ್ಥ ತೋರಿಸುವುದು. ಕೂತ ಜನ ಮರುಳಾದರು. ಮೈಸೂರಿನ ಕಡೆಯಿಂದ ಬಂದ ದೊಡ್ಡ ದೊಡ್ಡ ಸಾಹಿತಿಗಳಿಗೆ ಧಾರವಾಡದ ಈ ಮಾಸ್ತರರ ಹೆಸರು ಗಟ್ಟಿಯಾಗಿ ಕೇಳಿಸಿದ್ದು ಅಲ್ಲಿಂದ. ಗಮನಿಸಿ, ಅವರ ‘ಗರಿ’ ಎಂಬ ಕವನ ಸಂಗ್ರಹ ಬಂದದ್ದು 1932ರಲ್ಲಿ. ಪುಸ್ತಕಕ್ಕಿಂತ ಮೂರು ವರ್ಷ ಮೊದಲೇ ದನಿ ಊರೂರು ಮುಟ್ಟಿತ್ತು. ಶಿಕಾಗೋದವರು ಅಂಕ ಕೊಡುವ ಪದ್ಧತಿ ಕಂಡುಹಿಡಿಯುವುದಕ್ಕೆ ಇನ್ನೂ ಐವತ್ತು ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು.

ಆದರೆ ಅಂಕ ಕೊಡುವವರು ಬೇರೆ ಒಬ್ಬರು ಕಾದು ಕೂತಿದ್ದರು. ‘ನರಬಲಿ’ ಅಂತ ಒಂದು ಕವಿತೆ. ಅದನ್ನು ಬ್ರಿಟಿಷ್ ಸರಕಾರ ಯಾವ ವಿಮರ್ಶಕನೂ ಓದದಷ್ಟು ಕಾಳಜಿಯಿಂದ ಓದಿತು ಅನ್ನಬೇಕು. ಇದು ರಾಜದ್ರೋಹ ಅಂತ ತೀರ್ಪಾಗಿ 1932ರಲ್ಲಿ ಬೇಂದ್ರೆಯವರನ್ನು ಬೆಳಗಾವಿಯ ಹಿಂಡಲಗಿ ಜೈಲಿಗೆ ಹಾಕಿದರು. ಅಲ್ಲಿಂದ ಬಿಟ್ಟ ಮೇಲೂ ಮನೆಗೆ ಕಳಿಸಲಿಲ್ಲ, ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ನಜರಬಂದಿಯಲ್ಲಿ ಇಟ್ಟರು. ಒಂದು ಪದ್ಯಕ್ಕೆ ಇಷ್ಟು!

ಜೈಲು ಮುಗಿಯಿತು, ಶಿಕ್ಷೆ ಮುಗಿಯಲಿಲ್ಲ. ಸರಕಾರದ ಕೆಂಗಣ್ಣು ಬಿದ್ದ ಮಾಸ್ತರನಿಗೆ ಕೆಲಸ ಯಾರು ಕೊಡಬೇಕು? 1932ರಿಂದ 1944ರವರೆಗೆ ಬೇಂದ್ರೆಯವರಿಗೆ ನೆಲೆಯಾದ ನೌಕರಿ ಇರಲಿಲ್ಲ. ಅಷ್ಟಿಷ್ಟು ಕಾಲ ಅಲ್ಲಿ ಇಲ್ಲಿ. ಗದುಗಿನ ಒಂದು ಹೈಸ್ಕೂಲಿನಲ್ಲಿ ಕೆಲ ದಿನ ಮುಖ್ಯ ಮಾಸ್ತರರಾಗಿದ್ದರು. ಪತ್ರಿಕೆಗಳ ಕೆಲಸ ಮಾಡಿದರು. ಎಂ.ಎ. ಆದರೆ ಏನಾದರೂ ದಾರಿ ಆದೀತು ಅಂತಲೋ ಏನೋ, 1935ರಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ ಎಂ.ಎ. ಮುಗಿಸಿದರು. ನಾವು ಇಪ್ಪತ್ತಕ್ಕೇ ಪರೀಕ್ಷೆ ಬೇಡಪ್ಪ ಅಂತೇವೆ.

ಈ ಹನ್ನೆರಡು ವರ್ಷಗಳನ್ನು ನಾನು ನನ್ನ ಪದ್ಧತಿಯಲ್ಲೇ ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಒಂದು ಕಡೆ ಬರುವ ಹಣ: ಖಾತ್ರಿ ಇಲ್ಲ. ಇನ್ನೊಂದು ಕಡೆ: ‘ಗರಿ’, ‘ಮೂರ್ತಿ ಮತ್ತು ಕಾಮಕಸ್ತೂರಿ’, 1937ರಲ್ಲಿ ತಮ್ಮ ದಾಂಪತ್ಯದ ಕಥೆಯನ್ನೇ ಹೇಳಿದ ‘ಸಖೀಗೀತ’, 1938ರಲ್ಲಿ ‘ಉಯ್ಯಾಲೆ’, ಮುಂದೆ ‘ನಾದಲೀಲೆ’, 1943ರಲ್ಲಿ ಕಾಳಿದಾಸನ ‘ಮೇಘದೂತ’ದ ಕನ್ನಡ. ಇವತ್ತು ನಾವು ಹಾಡುವ ಬೇಂದ್ರೆ ಪದ್ಯಗಳಲ್ಲಿ ಎಷ್ಟೋ ಈ ಬರಗಾಲದವು. ಯಾವ ಅಕೌಂಟೆಂಟನೂ ಈ ಹಾಳೆಯ ಎರಡು ಕಡೆ ಹೊಂದಿಸಲಾರ.

‘ಕುರುಡು ಕಾಂಚಾಣ’ದ ವಿಷಯ ಇಲ್ಲೇ ಹೇಳಬೇಕು. ಕಾಂಚಾಣ ಅಂದರೆ ಬಂಗಾರ, ಹಣ. ಅದು ಮೈಮೇಲೆ ದೇವರು ಬಂದವರ ಹಾಗೆ ಕುಣಿಯುತ್ತದೆ. ಕಣ್ಣಿಲ್ಲದ್ದರಿಂದ ತನ್ನ ಹೆಜ್ಜೆ ಯಾರ ಎದೆಯ ಮೇಲೆ ಬಿತ್ತು ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ. ಬಡವರ ಬದುಕೇ ಅದರ ಒಡವೆ. ಇದನ್ನು ಸುಮ್ಮನೆ ಓದಿದರೆ ಹಣ ಕೆಟ್ಟದ್ದು ಅನ್ನುವ ಒಂದು ಉಪದೇಶ ಅಷ್ಟೇ ಸಿಗುತ್ತದೆ. ಕುಣಿತದ ಲಯದಲ್ಲಿ ಗಟ್ಟಿಯಾಗಿ ಅಂದು ನೋಡಿ: ಬಾಯಿ ತಾನೇ ಕುಣಿಯತೊಡಗುತ್ತದೆ, ಹಣದ ಮೇಲೆ ಸಿಟ್ಟು ಮಾಡಿಕೊಂಡಿದ್ದ ನೀವೇ ಅದರ ತಾಳಕ್ಕೆ ಕಾಲು ಹಾಕುತ್ತಿರುತ್ತೀರಿ. ನನಗೆ ಅದು ಹೆದರಿಕೆ ಹುಟ್ಟಿಸಿತು. ನಾವಿರುವ ಊರು ಯಾವುದು ನೋಡಿ. 1928ರಿಂದ ನೋಟು ಅಚ್ಚಾಗುವ ಕರೆನ್ಸಿ ನೋಟ್ ಪ್ರೆಸ್ ಇರುವುದು ನಮ್ಮ ನಾಸಿಕ್ ರೋಡಿನಲ್ಲೇ. ಅದರ ಕಂಪೌಂಡಿನ ಉದ್ದಕ್ಕೂ ನಾನು ದಿನಾ ಕಾಲೇಜಿಗೆ ನಡೆಯುತ್ತೇನೆ, ಕಿಸೆಯಲ್ಲಿ ಬಸ್ಸಿಗೆ ಬೇಕಾದಷ್ಟು ಇರುವುದಿಲ್ಲವಾದ್ದರಿಂದ. ಒಳಗೆ ಕುಣಿಯುವುದು ಹೊರಗೆ ಕೇಳಿಸುವುದಿಲ್ಲ.

ಬೇಂದ್ರೆಯವರ ಮನೆಯ ದುಃಖ ಬಡತನಕ್ಕಿಂತ ದೊಡ್ಡದು. ಒಂಬತ್ತು ಮಕ್ಕಳು ಹುಟ್ಟಿ ಮೂವರು ಉಳಿದರು, ಇಬ್ಬರು ಗಂಡು ಒಬ್ಬಳು ಹೆಣ್ಣು. ಹೀಗೆ ಒಂದು ಮಗು ತೀರಿಕೊಂಡಾಗ ಹೆಂಡತಿಯ ಕಣ್ಣನ್ನು ಎದುರಿಸಲಾರದ ಗಂಡ ಆಕೆಗೆ ಹೇಳುವ ಮಾತುಗಳೇ ಒಂದು ಕವಿತೆಯಾಗಿವೆ. ಅದು ಇಡೀ ಧಾರವಾಡದ ಆಡುಮಾತಿನಲ್ಲಿದೆ. ದುಃಖ ಬಂದಾಗ ಯಾರೂ ಪುಸ್ತಕದ ಭಾಷೆಯಲ್ಲಿ ಅಳುವುದಿಲ್ಲವಲ್ಲ. ಮನೆಮಾತು ಮರಾಠಿಯಾದವರು ತಮ್ಮ ಮನೆಯ ಅತಿ ಒಳಗಿನ ಮಾತನ್ನು ಕನ್ನಡದಲ್ಲಿ ಆಡಿದ್ದಾರೆ ಅನ್ನುವುದನ್ನು ನೆನೆದಾಗ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಈ ಕವಿತೆಯನ್ನು ಒಮ್ಮೆ ಮನೆಯಲ್ಲಿ ಅವ್ವನ ಮುಂದೆ ಓದಿದೆ. ಅವ್ವ ಓದಿದವಳಲ್ಲ. ರೊಟ್ಟಿ ಬಡಿಯುವುದು ನಿಲ್ಲಿಸಿ, ಇನ್ನೊಂದು ಸಲ ಅನ್ನು ಅಂದಳು.

1943ರಲ್ಲಿ ಶಿವಮೊಗ್ಗೆಯ ಸಾಹಿತ್ಯ ಸಮ್ಮೇಳನಕ್ಕೆ ಬೇಂದ್ರೆ ಅಧ್ಯಕ್ಷರಾದರು. ಕನ್ನಡಿಗರು ಕೊಡಬಹುದಾದ ದೊಡ್ಡ ಮರ್ಯಾದೆ ಅದು. ನೆಲೆಯಾದ ಕೆಲಸ ಸಿಕ್ಕಿದ್ದು ಅದರ ಮರುವರ್ಷ, ಅದೂ ಮರಾಠಿಯ ದೊಡ್ಡ ಊರಾದ ಸೊಲ್ಲಾಪುರದಲ್ಲಿ. ಅಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಪ್ರಾಧ್ಯಾಪಕರು. ಸೊಲ್ಲಾಪುರ ನಮ್ಮ ಜಿಲ್ಲೆ, ಅದಕ್ಕೇ ನನಗೆ ಇಲ್ಲಿ ಅಭಿಮಾನ. ಗಿರಣಿಗಳ ಊರು. ಮರಾಠಿ, ಕನ್ನಡ, ತೆಲುಗು ಮೂರೂ ಒಂದೇ ಓಣಿಯಲ್ಲಿ ಕೇಳುವ ಊರು. ಅಲ್ಲಿ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಒಂದು ಭಾಷೆಯಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಚೌಕಾಸಿ ಮುಗಿಸುತ್ತೇವೆ. ಬೇಂದ್ರೆಯವರಿಗೆ ಆ ಊರು ಪರಕೀಯ ಅನ್ನಿಸಿರಲಾರದು. ಪಂಢರಪುರ ಅದೇ ಜಿಲ್ಲೆಯಲ್ಲಿದೆ. ಜ್ಞಾನೇಶ್ವರರೇ ವಿಠ್ಠಲನನ್ನು ಕಾನಡಾ ಅಂತ ಕರೆದಿದ್ದಾರೆ. ಆ ವಿಠ್ಠಲನ ವಿಷಯವಾಗಿ, ಸಂತರ ವಿಷಯವಾಗಿ ಬೇಂದ್ರೆ ಮರಾಠಿಯಲ್ಲೂ ಬರೆದರು. ಅವರ ‘ಸಂವಾದ’ ಎಂಬ ಮರಾಠಿ ಪುಸ್ತಕಕ್ಕೆ 1965ರಲ್ಲಿ ಕೇಳ್ಕರ್ ಬಹುಮಾನ ಬಂತು. ಪ್ರತಿ ವರ್ಷ ನಮ್ಮ ತ್ರ್ಯಂಬಕದಿಂದ ನಿವೃತ್ತಿನಾಥರ ಪಾಲಖಿ ಪಂಢರಪುರಕ್ಕೆ ಹೊರಡುವುದನ್ನು ನೀವೂ ನೋಡಿದ್ದೀರಿ. ಹಾಡುತ್ತ ಹಾಡುತ್ತ ಅಷ್ಟು ದೂರ ನಡೆಯುವ ಜನ. ಬೇಂದ್ರೆ ಕೇಳಿ ಬೆಳೆದದ್ದು ಇಂಥ ನಡಿಗೆಯ ಲಯಗಳನ್ನೇ.

ಗಡಿಯ ಗಲಾಟೆಯ ಬಗ್ಗೆ ನಮ್ಮಲ್ಲಿ ಯಾವಾಗಲೂ ವಾದ ಆಗುತ್ತದೆ. ಅದರಲ್ಲಿ ಬೇಂದ್ರೆಯವರನ್ನು ಯಾವ ಕಡೆಗೂ ಎಳೆಯಲು ನನಗೆ ಮನಸ್ಸಿಲ್ಲ. ಕರ್ನಾಟಕದ ಏಕೀಕರಣಕ್ಕೆ ದುಡಿದವರು ಹೌದು, ಆದರೆ ಅದಕ್ಕಾಗಿ ಮರಾಠಿಯನ್ನು ಬಿಟ್ಟವರಲ್ಲ. 1956ರಲ್ಲಿ ಕನ್ನಡ ನಾಡು ಒಂದಾಯಿತು. ಅದೇ ವರ್ಷ ಅವರು ಸೊಲ್ಲಾಪುರದ ಕೆಲಸ ಮುಗಿಸಿ ಧಾರವಾಡಕ್ಕೆ ಮರಳಿ, ಅಲ್ಲಿಯ ಆಕಾಶವಾಣಿಗೆ ಸಲಹೆಗಾರರಾದರು. ದನಿಯಿಂದ ಹೆಸರಾದವರಿಗೆ ರೇಡಿಯೋ ಕೆಲಸ. ಅರವತ್ತನೆಯ ವಯಸ್ಸಿನಲ್ಲಿ ಲೆಕ್ಕ ಸ್ವಲ್ಪ ಸರಿಹೋಯಿತು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಪ್ರಶಸ್ತಿಗಳು ಸಾಲುಸಾಲಾಗಿ ಬಂದವು. ‘ಅರಳು ಮರಳು’ ಸಂಗ್ರಹಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ, 1968ರಲ್ಲಿ ಪದ್ಮಶ್ರೀ. 1964ರಲ್ಲಿ ಬಂದ ‘ನಾಕುತಂತಿ’ಗೆ 1973ರ ಜ್ಞಾನಪೀಠ, ಒಡಿಯಾ ಕಾದಂಬರಿಕಾರ ಗೋಪಿನಾಥ ಮೊಹಂತಿಯವರ ಜೊತೆ ಹಂಚಿ. ಸಿನೆಮಾದವರೂ ಬಂದರು. 1967ರ ‘ಬೆಳ್ಳಿಮೋಡ’ದಲ್ಲಿ ಅವರ ಬೆಳಗಿನ ಕವಿತೆಯೇ ಹಾಡಾಯಿತು, ಬೇಂದ್ರೆ ಯಾರು ಅಂತ ಗೊತ್ತಿಲ್ಲದವರೂ ಅದನ್ನು ಗುನುಗಿದರು. ಮುಂದೆ ಸಿ. ಅಶ್ವತ್ಥರಂಥ ಗಾಯಕರು ಅವರ ಪದ್ಯಗಳನ್ನು ವೇದಿಕೆಗಳಿಗೆ ಒಯ್ದರು.

ಮುಪ್ಪಿನಲ್ಲಿ ಬೇಂದ್ರೆಯವರಿಗೆ ಅಂಕೆಗಳ ಹುಚ್ಚು ಹಿಡಿಯಿತು ಅಂತ ಹೇಳುತ್ತಾರೆ. ಎಲ್ಲದರಲ್ಲೂ ಅಂಕೆ ಕಾಣುತ್ತಿದ್ದರು. 441 ಅವರಿಗೆ ಪ್ರೀತಿಯ ಸಂಖ್ಯೆ, ಅಂದರೆ 21 ಗುಣಿಸು 21. ಮಾತಿಗೆ ಕೂತರೆ ತಾಸುಗಟ್ಟಲೆ, ಕವಿತೆಯಿಂದ ಗಣಿತಕ್ಕೆ, ಗಣಿತದಿಂದ ವೇದಕ್ಕೆ ಹಾರಿ, ಕೇಳುವವರು ಅರ್ಧ ದಾರಿಯಲ್ಲೇ ಕೈಬಿಡುತ್ತಿದ್ದರಂತೆ. ಇದನ್ನು ನಕ್ಕು ಬಿಟ್ಟವರು ಬಹಳ. ನಾನು ದಿನವಿಡೀ ಅಂಕೆಗಳ ಜೊತೆ ಇರುವವನು, ನನಗೆ ನಗು ಬರಲಿಲ್ಲ. ನಮ್ಮ ಅಂಕೆಗಳ ಹಿಂದೆ ರೂಪಾಯಿ ಇರುತ್ತದೆ. ಅವರ ಅಂಕೆಗಳ ಹಿಂದೆ ಏನಿತ್ತು ಅಂತ ನೋಡಬೇಕು ಅನ್ನಿಸಿತು. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ‘ನಾಕುತಂತಿ’ ನನಗೆ ಅರ್ಥವಾಗಲಿಲ್ಲ. ಮೂರು ಸಲ ಓದಿದೆ. ಗಟ್ಟಿಯಾಗಿ ಅಂದಾಗ ಚೆನ್ನಾಗಿ ಕೇಳಿಸಿತು, ಅರ್ಥ ಮಾತ್ರ ಜಾರಿ ಹೋಯಿತು. ನನಗೆ ‘ಗರಿ’, ‘ನಾದಲೀಲೆ’ಯ ಬೇಂದ್ರೆಯೇ ಸಾಕು. ನಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ಮುಂದಿನ ಸಂಚಿಕೆಯಲ್ಲಿ ಬರೆಯಿರಿ.

ತಲೆಗೆ ರುಮಾಲು, ಮೈಮೇಲೆ ಕೋಟು, ಕೈಯಲ್ಲಿ ಕೊಡೆ. ಹೀಗೆ ಧಾರವಾಡದ ಸಾಧನಕೇರಿಯ ದಾರಿಯಲ್ಲಿ ನಡೆಯುವ ಮುದುಕರ ಚಿತ್ರ ಅನೇಕರ ಮನಸ್ಸಿನಲ್ಲಿ ಉಳಿದಿದೆ. ಆ ಕೇರಿಯ ಮೇಲೂ ಅವರದೊಂದು ಹಾಡಿದೆ. ಕೊನೆಗೆ ಅವರು ತೀರಿಕೊಂಡದ್ದು ಮಹಾರಾಷ್ಟ್ರದ ನೆಲದಲ್ಲಿ: ಮುಂಬಯಿಯಲ್ಲಿ, 1981ರ ಅಕ್ಟೋಬರ್ 26ರಂದು. ವಯಸ್ಸು 85.

ಮುಂದಿನ ತಿಂಗಳು ನಮ್ಮ ಬಳಗದ ಕವಿಗೋಷ್ಠಿ ಇದೆ. ಹೋದ ಸಲ ನಾನು ಕಾಗದ ಹಿಡಿದು ತಲೆ ತಗ್ಗಿಸಿ ಓದಿ, ನಡುವೆ ತಡವರಿಸಿ ಕೂತುಬಿಟ್ಟೆ. ಈ ಸಲ ‘ಕುರುಡು ಕಾಂಚಾಣ’ವನ್ನು ಬಾಯಿಪಾಠ ಮಾಡಿಕೊಂಡು ನಿಂತು ಅನ್ನಬೇಕು ಅಂತ ಮಾಡಿದ್ದೇನೆ. ತಾಳಕ್ಕೆ ಒಂದು ದಪ್ಪು ಬೇಕು. ಕಾಕಾನದು ಊರಲ್ಲಿದೆ, ಚರ್ಮ ಹರಿದಿದೆ. ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತನ್ನಿ.